ಅಭಿನಂದನೆ ಇಲಿಗೆ, ಸೂಜಿ ನಿಮಗೆ

ತೂಕ ಇಳಿಸುತ್ತವೆ ಅಂತ ಮಾರುವ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಬಾಟಲಿಗಳ ಮೇಲೆ ಒಂದು ಸಾಲು ಇರುತ್ತದೆ: 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ.' ಜಾಹೀರಾತಿನಲ್ಲಿ ಮಾತ್ರ ಹೊಟ್ಟೆ ಕರಗಿದ ಮನುಷ್ಯರದೇ ಫೋಟೋ. ತೆಳ್ಳಗಾದ ಇಲಿ ಹುಡುಕಿದರೂ ಸಿಗದು.

ಮನುಷ್ಯರಿಗೆ ಅಂದರೆ ಅದು ಔಷಧಿ. ಔಷಧಿ ಅಂದರೆ ಪರೀಕ್ಷೆ, ಅನುಮತಿ, ಜವಾಬ್ದಾರಿ. ಸಂಶೋಧನೆಗೆ ಅಂದರೆ ಬರೀ ಪುಡಿ. ಕೊಳ್ಳುವವರೂ 'ನಾನು ಸಂಶೋಧಕ' ಅಂತ ಒಂದು ಟಿಕ್ ಹಾಕುತ್ತಾರೆ. ಪಿಎಚ್‌ಡಿ ಮುಗಿಯಿತು! 2024ರ ಕೊನೆಯಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಮಾರಾಟಗಾರರಿಗೆ ಎಚ್ಚರಿಕೆ ಪತ್ರ ಬರೆಯಿತು. ಲೇಬಲ್ ಏನೇ ಹೇಳಲಿ, ನೀವು ಮಾರುತ್ತಿರುವುದು ಮನುಷ್ಯರಿಗೇ ಎಂಬುದು ಅದರ ಸಾರ. ಇದನ್ನು ಕಂಡುಹಿಡಿಯಲು ಸಂಶೋಧನೆ ಬೇಕಿರಲಿಲ್ಲ, ಅಲ್ವಾ?

ಇಂಥದ್ದೇ ಒಂದು ಪೆಪ್ಟೈಡ್, ರೆಟಾಟ್ರುಟೈಡ್ ಕಥೆ ನೋಡಿ. 2023ರಲ್ಲಿ ಪ್ರಕಟವಾದ ಎರಡನೇ ಹಂತದ ಪರೀಕ್ಷೆಯಲ್ಲಿ, ಅತಿ ಹೆಚ್ಚು ಡೋಸ್ ಪಡೆದವರ ತೂಕ 48 ವಾರಗಳಲ್ಲಿ ಸರಾಸರಿ ಶೇ 24ರಷ್ಟು ಇಳಿಯಿತು. ಸುಳ್ಳಲ್ಲ. ಆದರೆ ಅಲ್ಲಿ ಡೋಸನ್ನು ಮೆಲ್ಲಗೆ ಏರಿಸಿದರು, ಎದೆಬಡಿತ ನೋಡಿದರು, ಯಾರಿಗೆ ವಾಂತಿಯಾಯಿತು ಅಂತ ಬರೆದಿಟ್ಟರು. ಬಾಟಲಿ ವ್ಯಾಪಾರಿಗಳು ಶೇ 24 ಎಂಬ ಅಂಕಿಯನ್ನಷ್ಟೇ ಕತ್ತರಿಸಿಕೊಂಡರು.

ಎಒಡಿ-9604 ಇನ್ನೂ ಸೊಗಸು. ಬೆಳವಣಿಗೆ ಹಾರ್ಮೋನಿನ ಬಾಲದ ತುಂಡು ಅದು. ಇಲಿಗಳ ಕೊಬ್ಬು ಕರಗಿಸಿತು. ಮನುಷ್ಯರ ಸರದಿ ಬಂದಾಗ ಕೈಕೊಟ್ಟಿತು, 2007ರಲ್ಲೇ ಬೊಜ್ಜಿನ ಔಷಧಿಯಾಗುವ ಆಸೆ ಬಿಟ್ಟರು. ಪರೀಕ್ಷೆಯಲ್ಲಿ ಫೇಲಾದದ್ದು ಈಗ ಅಂಗಡಿಯಲ್ಲಿ ಫಸ್ಟ್ ಕ್ಲಾಸ್. ಮಾಟ್ಸ್-ಸಿ ಎಂಬ ಇನ್ನೊಂದು ಪೆಪ್ಟೈಡ್ 2015ರಲ್ಲಿ ಬೆಳಕಿಗೆ ಬಂತು, ಇಲಿಗಳಲ್ಲಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಮಾತನ್ನು ದೇಹ ಕೇಳದಿರುವುದು) ತಗ್ಗಿಸಿತು. ಇಲಿಗಳಿಗೆ ಅಭಿನಂದನೆಗಳು.

'ಶೇ 99 ಶುದ್ಧ' ಅಂತ ಒಂದು ಸರ್ಟಿಫಿಕೇಟ್ ಬೇರೆ. ಶುದ್ಧ ಅಂದಮಾತ್ರಕ್ಕೆ ಕ್ರಿಮಿಮುಕ್ತ ಅಂತಲ್ಲ. ಅದು ಈ ಬಾಟಲಿಯದೇ ಕಾಗದ ಎಂಬ ಖಾತ್ರಿಯೂ ಇಲ್ಲ. ಪೊಟ್ಟಣದ ತಿಂಡಿಯಲ್ಲಿ ಬಣ್ಣ ಬೆರೆಸಿದ್ದಾರಾ ಅಂತ ಕನ್ನಡಕ ಹಾಕಿ ಓದುವ ಜನ, ಹೆಸರಿಲ್ಲದ ಪುಡಿಯನ್ನು ನೀರಿಗೆ ಕಲಸಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರೆ.

ಬೊಜ್ಜಿನ ಸಂಕಟ ನಿಜ. ಅನುಮತಿ ಇರುವ ಔಷಧಿ ದುಬಾರಿ ಎಂಬುದೂ ನಿಜ. ಅದನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ. ಔಷಧಿ ಕಂಪನಿಗಳು ಪರೀಕ್ಷೆಗೆ ಜನ ಸೇರಿಸಲು ವರ್ಷಗಟ್ಟಲೆ ಒದ್ದಾಡುತ್ತವೆ, ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತವೆ. ಇಲ್ಲಿ ಇಲಿಯೇ ದುಡ್ಡು ಕೊಟ್ಟು ಬೋನಿಗೆ ಬರುತ್ತದೆ. ಡೆಲಿವರಿ ತಡವಾದರೆ ಜಗಳಕ್ಕೂ ಬರುತ್ತದೆ.