ಡೂಪ್ಲಿಕೇಟ್ ಎಂಬ ಒಂದೇ ಚೀಲ

ಮದುವೆ ಫೋಟೋಗ್ರಫಿಗೆ ಹೊಸದಾಗಿ ಇಳಿದಿರುವ ಸಿಂಧನೂರಿನ ಹುಡುಗನೊಬ್ಬ ಮೊನ್ನೆ ಫೋನ್ ಮಾಡಿದ್ದ. "ಅಣ್ಣ, ಡೂಪ್ಲಿಕೇಟ್ ಬ್ಯಾಟರಿ ಹಾಕಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆಯೇ?" ಡೂಪ್ಲಿಕೇಟ್ ಎಂದರೆ ಯಾವುದು ಎಂದೆ. "ಕಂಪನಿಯದ್ದಲ್ಲದ್ದು" ಎಂದ. ನನ್ನ ತಕರಾರು ಇರುವುದೇ ಆ ಉತ್ತರದಲ್ಲಿ.

ನಮ್ಮಪ್ಪ ಹತ್ತಿ ಬೆಳೆಯುವವರು. ಬೀಜದ ವಿಷಯದಲ್ಲಿ ರಾಯಚೂರು ಸೀಮೆಯ ರೈತರಿಗೆ ಈ ಗೊಂದಲವಿಲ್ಲ. ಯಾರೂ ಹೆಸರು ಕೇಳಿರದ ಸಣ್ಣ ಕಂಪನಿಯ ಬೀಜ ಬೇರೆ, ದೊಡ್ಡ ಕಂಪನಿಯ ಪೊಟ್ಟಣವನ್ನೇ ಅಚ್ಚು ಹಾಕಿಸಿ ಒಳಗೆ ಕಸ ತುಂಬಿದ ಬೀಜ ಬೇರೆ. ಮೊದಲನೆಯದನ್ನು ಅಪ್ಪ ಒಂದೆಕರೆಯಲ್ಲಿ ಹಾಕಿ ನೋಡುತ್ತಾರೆ. ಎರಡನೆಯದನ್ನು ಕಂಡರೆ ಬೈಯುತ್ತಾರೆ. ಫೋಟೋದವರಾದ ನಾವು ಮಾತ್ರ ಎರಡನ್ನೂ ಡೂಪ್ಲಿಕೇಟ್ ಎಂಬ ಒಂದೇ ಚೀಲಕ್ಕೆ ತುಂಬುತ್ತೇವೆ.

ನನ್ನ ಬಳಿ ಒಂದು ಮೂಲ ಕ್ಯಾನನ್ ಬ್ಯಾಟರಿ ಇದೆ. ಜೊತೆಗೆ ತಮ್ಮದೇ ಹೆಸರು ಬರೆದುಕೊಂಡ ಬೇರೆ ಕಂಪನಿಯ ಎರಡು ಬ್ಯಾಟರಿಗಳಿವೆ. ಬೆಲೆ ಮೂಲದ್ದರ ಮೂರನೇ ಒಂದು ಭಾಗ. ಮೂರು ಮದುವೆ ಸೀಸನ್ ದಾಟಿಸಿವೆ. ಕುಂದಿಲ್ಲವೆಂದಲ್ಲ. ಬ್ಯಾಟರಿಯೊಳಗಿನ ಚಿಪ್ ಕ್ಯಾಮೆರಾದೊಂದಿಗೆ ನಡೆಸುವ ಮಾತುಕತೆ ಇವುಗಳಿಗೆ ಸರಿಯಾಗಿ ಬರುವುದಿಲ್ಲ. ಅರ್ಧ ಚಾರ್ಜ್ ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಹಾಗಾಗಿ ಶೇಕಡಾವಾರು ಲೆಕ್ಕವನ್ನು ನಂಬದೆ, ಊಟದ ಪಂಕ್ತಿ ಶುರುವಾಗುವ ಮೊದಲೇ ಬದಲಿಸಿಬಿಡುತ್ತೇನೆ. ವಾರಂಟಿ ಇರುವ ಹೊಸ ಕ್ಯಾಮೆರಾದವರು ಒಮ್ಮೆ ಯೋಚಿಸಬೇಕು. ಬೇರೆ ಬ್ಯಾಟರಿಯಿಂದ ಆದ ಹಾನಿಯನ್ನು ಕಂಪನಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ನನಗೆ ಕೈಕೊಟ್ಟದ್ದು ಇವೆರಡೂ ಅಲ್ಲ, "ಒರಿಜಿನಲ್" ಎಂದು ಕೊಂಡದ್ದು. ಅಂಗಡಿಯವರೊಬ್ಬರು "ಕಂಪನಿಯದೇ, ಬಿಲ್ ಇಲ್ಲ ಅಷ್ಟೇ" ಎಂದು ಅರ್ಧ ಬೆಲೆಗೆ ಕೊಟ್ಟರು. ಮೇಲೆ ಹೊಳೆಯುವ ಹೊಲೋಗ್ರಾಮ್ ಚೀಟಿಯೂ ಇತ್ತು. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಲಿಂಗಸುಗೂರಿನ ಹತ್ತಿರದ ಹಳ್ಳಿಯ ಮದುವೆಯಲ್ಲಿ ಅಕ್ಕಿಕಾಳು ಬೀಳಲು ಹತ್ತು ನಿಮಿಷವಿರುವಾಗ ಕ್ಯಾಮೆರಾ ಆರಿತು. ಮುಚ್ಚಳ ತೆರೆದರೆ ಬ್ಯಾಟರಿ ಹೊರಗೆ ಬರಲೊಲ್ಲದು. ಬೋಂಡಾದಂತೆ ಊದಿಕೊಂಡು ಕಚ್ಚಿಕೊಂಡಿತ್ತು. ಜೊತೆಗಿದ್ದ ಹುಡುಗ ಅಡುಗೆಯವರ ಚಾಕು ತರಲು ಓಡಿದ, ಕೂಗಿ ನಿಲ್ಲಿಸಿದೆ. ಲಿಥಿಯಂ ಕೋಶಕ್ಕೆ ಮೊನೆ ತಗುಲಿ ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. "ಫೋಟೋದವರೇ, ಮುಹೂರ್ತ ನಿಮಗಾಗಿ ಕಾಯುವುದಿಲ್ಲ" ಎಂದರು ಮದುಮಗಳ ಸೋದರಮಾವ. ವಿಡಿಯೋದವರ ಇನ್ನೊಂದು ಕ್ಯಾಮೆರಾವನ್ನು ಎರವಲು ಪಡೆದು ಮಾನ ಉಳಿಸಿಕೊಂಡೆ. ಅದರ ಹೊಟ್ಟೆಯಲ್ಲಿದ್ದದ್ದು ಬೇರೆ ಕಂಪನಿ ತನ್ನದೇ ಹೆಸರಿನಲ್ಲಿ ಮಾರುವ ಅಗ್ಗದ ಬ್ಯಾಟರಿ! ನನ್ನದನ್ನು ಬಿಡಿಸಲು ಹೈದರಾಬಾದಿಗೆ ಹೋಗಬೇಕಾಯಿತು. ಉಳಿಸಿದ ದುಡ್ಡಿನ ಹಲವು ಪಟ್ಟು ಖರ್ಚಾಯಿತು, ಎಷ್ಟೆಂದು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಲೇಬಲ್ಲನ್ನು ಕಣ್ಣಿಟ್ಟು ಓದಿದ್ದರೆ ಅಂದೇ ಗೊತ್ತಾಗುತ್ತಿತ್ತು. ಕ್ಯಾನನ್ ಎಲ್‌ಪಿ-ಇ6 ಬ್ಯಾಟರಿ 2008ರಲ್ಲಿ ಬಂದಾಗ ಅದರ ಸಾಮರ್ಥ್ಯ 1800 ಎಂಎಎಚ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ. ಮುಂದೆ ಇ6ಎನ್‌ನಲ್ಲಿ 1865 ಆಯಿತು. 2020ರ ಇ6ಎನ್‌ಎಚ್‌ನಲ್ಲಿ 2130. ಅದೇ ಗಾತ್ರದ ಡಬ್ಬಿಯಲ್ಲಿ ಇಷ್ಟು ಹೆಚ್ಚಿಸಲು ತಯಾರಿಸಿದವರಿಗೇ 12 ವರ್ಷ ಹಿಡಿಯಿತು. ನನ್ನ "ಒರಿಜಿನಲ್" ಮೇಲೆ 3000 ಎಂದು ಅಚ್ಚಾಗಿತ್ತು.

ನಮ್ಮ ಬಿಸಿಲೂ ಸುಮ್ಮನಿರುವುದಿಲ್ಲ. ಕ್ಯಾಮೆರಾ ಕೈಪಿಡಿಯಲ್ಲಿ ಬಳಕೆಯ ಉಷ್ಣತೆ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತಾರೆ. ಬರೆದವರು ಏಪ್ರಿಲ್‌ನಲ್ಲಿ ರಾಯಚೂರಿನ ಶಾಮಿಯಾನದೊಳಗೆ ನಿಂತವರಲ್ಲ. ಲಿಥಿಯಂ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ಬಿಸಿಯಲ್ಲಿ ಕುಳಿತಷ್ಟೂ ಬೇಗ ಮುಪ್ಪಾಗುತ್ತದೆ, ಕಳಪೆ ಕೋಶವಾದರೆ ಒಳಗೆ ಅನಿಲ ಕಟ್ಟಿ ಊದುತ್ತದೆ. ಕಾರಿನ ಗಾಜಿನ ಮುಂದೆ ಚಾರ್ಜಾದ ಬ್ಯಾಟರಿ ಇಡುವ ಚಟ ನನಗೂ ಇತ್ತು. ಈಗ ಅವು ನೀರಿನ ಬಾಟಲಿಯ ಪಕ್ಕದ ಬಟ್ಟೆಯ ಚೀಲದಲ್ಲಿರುತ್ತವೆ. ಊದಿದ್ದನ್ನು ಮತ್ತೆ ಚಾರ್ಜರಿಗೆ ಹಾಕುವ ಧೈರ್ಯವಂತರನ್ನೂ ಕಂಡಿದ್ದೇನೆ. ಅವರ ಸ್ಟುಡಿಯೋಗೆ ಹೋದಾಗ ಬಾಗಿಲ ಹತ್ತಿರವೇ ಕೂರುತ್ತೇನೆ.

ಈಗ ನಾನು ಮೊದಲು ಹುಡುಕುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತನ್ನು. ನಮ್ಮ ದೇಶದಲ್ಲಿ ಇಂಥ ಬ್ಯಾಟರಿಗಳಿಗೆ ಆ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಸುರಕ್ಷತಾ ಮಾನದಂಡದ ಸಂಖ್ಯೆಯ ಜೊತೆಗೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಸಂಖ್ಯೆಯನ್ನೂ ಕದಿಯುವವರಿದ್ದಾರೆ. ಬೇರೆ ಕಂಪನಿಯದನ್ನು ಕದ್ದಿದ್ದರೆ ಆ್ಯಪ್‌ನಲ್ಲಿ ಬರುವ ಹೆಸರು ಡಬ್ಬಿಯ ಮೇಲಿನದಕ್ಕೆ ಹೊಂದುವುದಿಲ್ಲ, ಮೂಲ ಕಂಪನಿಯದನ್ನೇ ಕದ್ದಿದ್ದರೆ ಮಾತ್ರ ಇದರಿಂದ ಗೊತ್ತಾಗದು. ಅಂಗಡಿಯಲ್ಲೇ ನಿಂತು ನೋಡುತ್ತೇನೆ, ಅವರು ಮುಖ ಸಿಂಡರಿಸಿದರೂ ಸರಿ.

ಇಷ್ಟು ಬರೆಯುವಷ್ಟರಲ್ಲಿ ಆ ಹುಡುಗ ತಾನು ಕೊಂಡ ಬ್ಯಾಟರಿಯ ಫೋಟೋ ಕಳುಹಿಸಿದ್ದಾನೆ. "ಡೂಪ್ಲಿಕೇಟ್ ಬೇಡವೆಂದು ಒರಿಜಿನಲ್ಲೇ ತಂದೆ ಅಣ್ಣ, ಕಡಿಮೆಗೆ ಸಿಕ್ಕಿತು." ಮೇಲೆ ಕ್ಯಾನನ್ ಎಂದಿದೆ. ಕೆಳಗೆ 2900 ಎಂದಿದೆ. ಭಾನುವಾರ ಮಸ್ಕಿಯಲ್ಲಿ ಅವನ ಮೊದಲ ಮದುವೆ. ಈಗಲೇ ಫೋನ್ ಮಾಡುತ್ತೇನೆ.