ಗಜಲ್‌ಗೆ ಕೇಳುಗರ ಕೂಟ ಬೇಕು

ಕಳೆದ ಭಾನುವಾರ ಸಂಜೆ ರಾಯಚೂರಿನ ತೀನ್ ಕಂದೀಲ್ ಸಮೀಪದ ಮನೆಯೊಂದರ ಪಡಸಾಲೆಯಲ್ಲಿ ಗಜಲ್ ಪ್ರಿಯರ ಕೂಟ ಸೇರಿತ್ತು. ವೇದಿಕೆ, ಬ್ಯಾನರ್, ಶಾಲು, ಹಾರ ಯಾವುದೂ ಇರಲಿಲ್ಲ. ನಿವೃತ್ತ ಶಿಕ್ಷಕರು, ಬಟ್ಟೆ ಅಂಗಡಿಯವರು, ಬ್ಯಾಂಕ್ ನೌಕರರು, ಕಾಲೇಜು ವಿದ್ಯಾರ್ಥಿನಿಯರು ಒಂದೇ ಜಮಖಾನೆಯ ಮೇಲೆ ಕುಳಿತಿದ್ದರು. ಉಳಿದ ಕಾವ್ಯವನ್ನು ಒಬ್ಬರೇ ಕುಳಿತು ಓದಿ ಸುಖಿಸಬಹುದು, ಗಜಲ್ ಮಾತ್ರ ಕೇಳುಗರು ಎದುರಿಗಿದ್ದಾಗಲೇ ಪೂರ್ಣಗೊಳ್ಳುತ್ತದೆ ಎಂಬ ನನ್ನ ನಂಬಿಕೆ ಅಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಇದಕ್ಕೆ ಕಾರಣ ಗಜಲ್‌ನ ಕಟ್ಟಿನಲ್ಲಿಯೇ ಇದೆ. ಗಜಲ್‌ನ ಎರಡು ಸಾಲಿನ ಪದ್ಯಕ್ಕೆ ಷೇರ್ ಎನ್ನುತ್ತಾರೆ. ಮೊದಲ ಷೇರ್ ಆದ ಮತ್ಲಾದ ಎರಡೂ ಸಾಲುಗಳು ಕಾಫಿಯಾ ಎಂಬ ಪ್ರಾಸಪದದಿಂದ ಮತ್ತು ಅದರ ಬೆನ್ನಿಗೆ ಬದಲಾಗದೆ ಬರುವ ರದೀಫ್‌ನಿಂದ ಮುಗಿಯುತ್ತವೆ. ಮುಂದಿನ ಷೇರ್‌ಗಳಲ್ಲಿ ಎರಡನೆಯ ಸಾಲು ಮಾತ್ರ ಹಾಗೆ ಮುಗಿಯುತ್ತದೆ. ಅಂದು ವಿದ್ಯಾರ್ಥಿನಿಯೊಬ್ಬಳು ಓದಿದ ಮತ್ಲಾ ಹೀಗಿತ್ತು:

ಬಿತ್ತಿದವರ ಕಣ್ಣ ಮುಂದೆ ಸುಳಿಯಲಿಲ್ಲ ಮಳೆ ಈ ಸಲ
ಎರಡು ದಂಡೆ ಹತ್ತಿರಾಗಿ ಬಡವಾಯಿತು ಹೊಳೆ ಈ ಸಲ

ಇಷ್ಟು ಕೇಳಿದೊಡನೆ ಪಡಸಾಲೆಯಲ್ಲಿದ್ದವರೆಲ್ಲರ ಮನಸ್ಸಿನಲ್ಲಿ ಬೆಳೆ, ಎಳೆ, ಗುಳೆ ಎಂಬ ಪದಗಳು ಸಾಲುಗಟ್ಟಿದವು. ‘ದುಡಿಯಲೆಂದು ಪಟ್ಟಣಕ್ಕೆ ಹೋದ ಮಗನು ಮರಳಲಿಲ್ಲ’ ಎಂಬ ಸಾಲನ್ನು ಆಕೆ ರೂಢಿಯಂತೆ ಎರಡು ಬಾರಿ ಓದಿದಾಗ, ಬರಗಾಲದಲ್ಲಿ ಊರೂರೇ ಗುಳೆ ಹೋಗುವುದನ್ನು ಕಂಡಿರುವ ನಮ್ಮ ಭಾಗದ ಜನ ‘ಗುಳೆ’ಯನ್ನೇ ನಿರೀಕ್ಷಿಸಿದರು. ಆದರೆ ಆಕೆ ಹೇಳಿದ್ದು, ‘ಅವ್ವ ನಕ್ಕ ನಗೆಯಲಿಲ್ಲ ಹಬ್ಬದಂಥ ಕಳೆ ಈ ಸಲ’. ‘ಈ ಸಲ’ ಎಂಬುದನ್ನು ಎಲ್ಲರೂ ಆಕೆಯೊಂದಿಗೆ ಒಟ್ಟಿಗೇ ಉಚ್ಚರಿಸಿದರು, ‘ವಾಹ್’ ಎಂಬ ಉದ್ಗಾರ ತಾನಾಗಿ ಹೊಮ್ಮಿತು. ಕೇಳುಗರು ಕಾಯದಿದ್ದರೆ ಆ ‘ಕಳೆ’ಗೆ ಅಷ್ಟು ಕಸುವು ಬರುತ್ತಿರಲಿಲ್ಲ.

ಮುಂದೊಂದು ಷೇರ್‌ನಲ್ಲಿ ಆಕೆ ‘ಎಲೆ’ಯನ್ನು ಕಾಫಿಯಾ ಮಾಡಿದ್ದಳು. ಮೂಲೆಯಲ್ಲಿದ್ದ ಹಿರಿಯರೊಬ್ಬರು, “ಷೇರ್ ಭಾಳ ಚೊಲೊ ಅದ ತಂಗಿ, ಆದ್ರ ಎಲೆ ಮಳೆಗೆ ಜೊತೆ ಆಗಂಗಿಲ್ಲ” ಎಂದರು. ಆಕೆ ತಕ್ಷಣ ಒಪ್ಪಿ ಗುರುತು ಹಾಕಿಕೊಂಡಳು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನವೂ ಬರುವ ಗಜಲ್‌ಗಳಿಗೆ ಚಪ್ಪಾಳೆಯ ಚಿತ್ರಗಳು ಬೀಳುತ್ತವೆ, ಲಕಾರ ಳಕಾರಗಳ ಅಂತರವನ್ನು ಹೀಗೆ ಪ್ರೀತಿಯಿಂದ ತಿದ್ದುವ ಕಿವಿ ಅಲ್ಲಿ ಸಿಗುವುದು ಬಹಳ ಅಪರೂಪ.

ಈ ಕಿವಿ ರಾಯಚೂರಿಗೆ ಸುಮ್ಮನೆ ಬಂದದ್ದಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಉರ್ದು ಇಲ್ಲಿಯ ಕಚೇರಿಯ ಮತ್ತು ಶಾಲೆಯ ಭಾಷೆಯಾಗಿತ್ತು. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಉರ್ದು ಕಲಿತ ತಲೆಮಾರಿಗೆ ಷೇರ್‌ಗಳು ಬಾಯಿಪಾಠವಿದ್ದವು. ಗಜಲ್‌ಗೆ ಕನ್ನಡದಲ್ಲಿ ನೆಲೆ ಒದಗಿಸಿದ ಶಾಂತರಸರು ಈ ಜಿಲ್ಲೆಯವರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ ಆ ದಾರಿಯಲ್ಲಿ ಬಹು ದೂರ ನಡೆದವರು. ಇನ್ನೊಂದು ಸಂಗತಿಯೂ ಇದೆ. ಕೊನೆಯ ಷೇರ್ ಆದ ಮಕ್ತಾದಲ್ಲಿ ಕವಿ ತನ್ನ ಕಾವ್ಯನಾಮವನ್ನು ಇರಿಸುವ ಪದ್ಧತಿ, ಮಾನ್ವಿಯ ಜಗನ್ನಾಥದಾಸರ ‘ಜಗನ್ನಾಥವಿಠಲ’ ಅಂಕಿತವನ್ನು ಕೇಳುತ್ತ ಬೆಳೆದವರಿಗೆ ಪರಕೀಯವೆನಿಸಲು ಸಾಧ್ಯವೇ ಇಲ್ಲ.

ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಮುಗಿಯುವ ಹೊತ್ತಿಗೆ, ಮುಂದಿನ ಬಾರಿ ದೊಡ್ಡ ಸಭಾಂಗಣದಲ್ಲಿ ಅತಿಥಿಗಳನ್ನು ಕರೆದು ಸಮಾರಂಭ ಮಾಡೋಣ ಎಂಬ ಸಲಹೆ ಬಂತು. ಸಲಹೆ ಕೊಟ್ಟವರ ಉತ್ಸಾಹದ ಮೇಲೆ ನನಗೆ ಗೌರವವಿದೆ, ಆದರೂ ಅಲ್ಲಿಯೇ ವಿರೋಧಿಸಿದೆ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ಭಾಷಣಗಳು ಮುಗಿದು ಕವಿಗಳ ಸರದಿ ಬರುವಾಗ ಕುರ್ಚಿಗಳು ಖಾಲಿಯಾಗಿರುವುದನ್ನು ನಾವೆಲ್ಲ ಕಂಡಿದ್ದೇವೆ; ಉಳಿದವರೂ ತಮ್ಮ ಸರದಿಗಾಗಿ ಕಾಯುತ್ತಿರುವ ಕವಿಗಳೇ ಆಗಿರುತ್ತಾರೆ. ಕೂಟ ಬೆಳೆಯಬೇಕೆಂದಿದ್ದರೆ ಮಾನ್ವಿ, ಸಿಂಧನೂರು, ಲಿಂಗಸುಗೂರುಗಳಲ್ಲಿ ಇಂಥವೇ ಪಡಸಾಲೆಗಳನ್ನು ಹುಡುಕೋಣ. ಪ್ರತಿ ಕೂಟವೂ ಶಾಂತರಸರ ಒಂದು ಗಜಲ್‌ನ ಓದಿನಿಂದ ಆರಂಭವಾಗಲಿ, ಉರ್ದು ಕವಿಗೋಷ್ಠಿಗಳಾದ ಮುಷಾಯಿರಾಗಳನ್ನು ಕೇಳಿದ ಹಿರಿಯರನ್ನು ಅವರಿಗೆ ಶಕ್ತಿಯಿರುವಾಗಲೇ ಕರೆತರೋಣ, ಬರೆಯದವರಿಗೂ ಬರೆಯುವವರಷ್ಟೇ ಜಾಗವಿರಲಿ. ಮನೆಯಲ್ಲಿ ಸ್ಥಳ ಕೊಡಬಲ್ಲವರು ನನಗೆ ತಿಳಿಸಿ. ಜಮಖಾನೆ ಮತ್ತು ಚಹಾದ ಹೊಣೆಯನ್ನು ಕೂಟದವರು ಹೊರುತ್ತಾರೆ.