‘ಎ’ ಕಾಣೆಯಾಗಿದೆ, ಸಿಗದವರಿಗೆ ಬಹುಮಾನ

ನಮ್ಮ ಅಕ್ಕನ ಮದುವೆ ಕಾರ್ಡಿನಲ್ಲಿ ಪ್ರೆಸ್‌ನವರು ಒಂದಕ್ಷರ ನುಂಗಿದ್ದರು. ‘ಸುಖಾಗಮನ ಬಯಸುವವರು’ ಅನ್ನೋದು ‘ಸುಗಮನ ಬಯಸುವವರು’ ಆಗಿತ್ತು. ಬರುವ ಮೊದಲೇ ಹೊರಡಿ ಅಂದ ಹಾಗೆ. ಅಪ್ಪ ರೇಗಾಡಿ ಮತ್ತೆ ಅಚ್ಚು ಹಾಕಿಸಿದರು. ಹಳೆಯವು ಬಚ್ಚಲ ಒಲೆಗೆ ಹೋದವು.

ಬೇಸ್‌ಬಾಲ್ ಆಟಗಾರರ ಫೋಟೊ, ಹೆಸರು ಅಚ್ಚಾದ ಪುಟ್ಟ ಕಾರ್ಡುಗಳನ್ನು ಕೂಡಿಡುವ ಅಮೆರಿಕದ ಮಂದಿ ಅಲ್ಲಿದ್ದಿದ್ದರೆ ಒಲೆಗೆ ಕೈ ಹಾಕುತ್ತಿದ್ದರು.

1958ರಲ್ಲಿ ಇಂಥ ಕಾರ್ಡು ಅಚ್ಚು ಹಾಕುವ ಟಾಪ್ಸ್ ಕಂಪನಿ ಪಾಂಚೋ ಹೆರೆರಾ ಎಂಬ ಆಟಗಾರನ ಕಾರ್ಡ್ ತಂದಿತು. 433ನೇ ನಂಬರ್. ಕೆಲವು ಪ್ರತಿಗಳಲ್ಲಿ ಹೆಸರಿನ ಕೊನೆಯ ಇಂಗ್ಲಿಷ್ ‘ಎ’ ಮೂಡಲೇ ಇಲ್ಲ. ಹೆರೆರಾ ಸುಮ್ನೆ ‘ಹೆರೆರ್’ ಆದ. ‘ಎ’ ಇದ್ದರೆ ಒಂದು ಊಟದ ದುಡ್ಡು. ಇಲ್ಲದಿದ್ದರೆ ಸಾವಿರಾರು ಡಾಲರ್! ಪೂರ್ತಿ ಹೋಗಿದೆಯಾ, ಮುಕ್ಕಾಲು ಹೋಗಿದೆಯಾ ಅನ್ನುವುದಕ್ಕೂ ಲೆಕ್ಕವಿದೆ. ಮೊಮ್ಮಕ್ಕಳಿರುವ ಗಂಡಸರು ಕಣ್ಣಿಗೆ ಲೆನ್ಸ್ ಒತ್ತಿಕೊಂಡು ಕೂರುತ್ತಾರೆ. ಲೆನ್ಸಿನಡಿ ಚಿತ್ರವೆಲ್ಲ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳ ರಂಗೋಲಿ. ಅಕ್ಷರವಿರಬೇಕಾದ ಜಾಗದಲ್ಲಿ ಕಾಗದದ ನಾರು ಎದ್ದಿದ್ದರೆ ಯಾರೋ ಕೆರೆದಿದ್ದಾರೆ ಎಂದರ್ಥ. ಅಕ್ಷರ ಅಳಿಸುವುದು ಮೋಸ. ಮಷೀನ್ ಮರೆತರೆ ಮಾತ್ರ ನಿಧಿ.

1990ರಲ್ಲಿ ಫ್ರಾಂಕ್ ಥಾಮಸ್‌ನ ಸರದಿ. ಏನೋ ಅಡ್ಡ ಬಂದು ಹಾಳೆಯ ಒಂದು ಕಡೆ ಕಪ್ಪು ಶಾಯಿ ಹತ್ತಲಿಲ್ಲ. ಕೆಲವು ಕಾರ್ಡುಗಳಲ್ಲಿ ಅವನ ಹೆಸರೇ ಮಾಯ. ಅದಕ್ಕೂ ಸಾವಿರಾರು ಡಾಲರ್. ಅದೇ ಹಾಳೆಯಲ್ಲಿ ಅಕ್ಕಪಕ್ಕ ಇದ್ದವರ ಕಾರ್ಡಿನಲ್ಲೂ ಅಲ್ಲಲ್ಲಿ ಕಪ್ಪು ಗೆರೆ ತಪ್ಪಿದೆ. ಅವನ್ನೂ ಹುಡುಕಿ ಕೊಳ್ಳುವವರಿದ್ದಾರೆ. ಶ್ರೀಮಂತನ ನೆಂಟರು ಅಂತಾನೋ ಏನೋ.

ಬಿಲ್ಲಿ ರಿಪ್ಕನ್ ಕಥೆ ಇನ್ನೂ ಮಜಾ. 1989ರ ಫ್ಲೀರ್ ಕಂಪನಿಯ ಕಾರ್ಡಿನಲ್ಲಿ ಅವನ ಬ್ಯಾಟಿನ ತುದಿಯ ಮೇಲೆ ಒಂದು ಕೆಟ್ಟ ಬೈಗುಳ. ಅವನೇ ಬರೆದುಕೊಂಡದ್ದು, ಅಭ್ಯಾಸದ ಬ್ಯಾಟ್ ಬೇಗ ಗುರುತು ಸಿಗಲಿ ಅಂತ. (ನಾವು ಸ್ಟೀಲ್ ಡಬ್ಬಿಯ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ.) ಅಚ್ಚಾಗಿ ಅಂಗಡಿ ಸೇರಿದ ಮೇಲೆ ಕಂಪನಿಗೆ ಎಚ್ಚರವಾಯಿತು. ಒಂದು ಸಲ ಗೀಚಿದರು. ಒಂದು ಸಲ ಕಪ್ಪು ಡಬ್ಬ ಕೂರಿಸಿದರು. ಇನ್ನೊಂದು ಸಲ ಬಿಳಿ ಬಳಿದರು. ಮಾನ ಮುಚ್ಚಲು ಹೊರಟವರು ಒಂದೊಂದು ತೇಪೆಗೂ ಒಂದೊಂದು ಹೊಸ ಕಾರ್ಡ್ ಹುಟ್ಟಿಸಿದರು. ಈಗ ಬೈಗುಳಕ್ಕಿಂತ ಬಿಳಿ ತೇಪೆಗೇ ಬೆಲೆ ಜಾಸ್ತಿ.

ಹಾಗಾದರೆ ತಪ್ಪು ದೊಡ್ಡದಾದಷ್ಟೂ ದುಡ್ಡು ದೊಡ್ಡದು, ಅಲ್ವಾ? ಇಲ್ಲ ಸ್ವಾಮಿ. 1957ರಲ್ಲಿ ಟಾಪ್ಸ್ ಹ್ಯಾಂಕ್ ಆರನ್ ಫೋಟೊವನ್ನು ತಿರುಗಿಸಿ ಅಚ್ಚು ಹಾಕಿತು. ಬಲಗೈ ಆಟಗಾರ ಎಡಗೈಯಾದ. ಎದೆಯ ಮೇಲಿನ 44 ಕೂಡ ಉಲ್ಟಾ. ಮಕ್ಕಳಿಗೂ ಕಾಣುವ ತಪ್ಪು. ಆದರೆ ಅದನ್ನು ಯಾರೂ ತಿದ್ದಲೇ ಇಲ್ಲ. ಹಾಗಾಗಿ ಎಲ್ಲರ ಹತ್ತಿರವೂ ಅದೇ ಇದೆ. ಆರನ್‌ಗೆ ಬೆಲೆಯುಂಟು, ತಪ್ಪಿಗೆ ಒಂದು ಕಾಸೂ ಹೆಚ್ಚಿಗೆ ಇಲ್ಲ.

1969ರಲ್ಲಂತೂ ಅದೇ ಕಂಪನಿ ಅರೇಲಿಯೊ ರಾಡ್ರಿಗಸ್ ಎಂಬ ಆಟಗಾರನ ಹೆಸರಿನ ಕಾರ್ಡಿನಲ್ಲಿ ಏಂಜಲ್ಸ್ ತಂಡದ ಬ್ಯಾಟ್ ಬಾಯ್ (ಆಟಗಾರರ ಬ್ಯಾಟ್ ನೋಡಿಕೊಳ್ಳುವ ಹುಡುಗ) ಫೋಟೊ ಹಾಕಿತು. ಹುಡುಗ ಬ್ಯಾಟ್ ಹೆಗಲಿಗೇರಿಸಿ ಗಂಭೀರವಾಗಿ ನಿಂತಿದ್ದಾನೆ. ಥಾಮಸ್ ಹಾಗೇ ಇವನ ಹೆಸರೂ ಕಾರ್ಡಿನಲ್ಲಿಲ್ಲ. ಆದರೆ ಪಾಪ, ಒಂದು ಪ್ರತಿಯಲ್ಲೂ ಇಲ್ಲ. ಅವನಿಗಾಗಿ ಯಾರೂ ಲೆನ್ಸ್ ಹೊರಗೆ ತೆಗೆಯುವುದಿಲ್ಲ.